ಹತ್ತು ಅವರೆಕಾಳು, ಒಂದು ಅಡಿಕೆ

ಆ ಮಂಗಳವಾರದವರೆಗೆ ನನ್ನ ಫಾರಂಗಳನ್ನು ನೋಡಿದವರೆಲ್ಲ ಹೊಗಳುತ್ತಿದ್ದರು. ಒಂದು ಖಾನೆಯೂ ಖಾಲಿ ಇಲ್ಲ, ಎಲ್ಲಿಯೂ ಹೊಡೆದುಹಾಕಿದ ಗುರುತಿಲ್ಲ, ಎಲ್ಲ ಸಹಿಯೂ ಅದರದರ ಜಾಗದಲ್ಲಿ. ತುರಿಕೆಯ ಖಾನೆಯಲ್ಲಂತೂ ಸೊನ್ನೆಗಳು ಒಂದರ ಕೆಳಗೊಂದು ಮುತ್ತು ಪೋಣಿಸಿದ ಹಾಗೆ ಕೂತಿದ್ದವು. ಅವು ಸುಳ್ಳು ಸೊನ್ನೆಗಳೆಂದು ಗೊತ್ತಾಗುವುದಕ್ಕೆ ನನಗೆ ಆರು ತಿಂಗಳು ಬೇಕಾಯಿತು. ಗೊತ್ತಾದದ್ದೂ ಆಸ್ಪತ್ರೆಯಲ್ಲಿ ಅಲ್ಲ, ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ.

ನಾನು ಮೈಸೂರಿನ ಒಂದು ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ನರ್ಸ್. ಪ್ಲಾಸ್ಟಿಕ್ ಸರ್ಜರಿ ಎಂದರೆ ಮೂಗು ತಿದ್ದುವುದು ಎಂದು ನಮ್ಮ ನೆಂಟರೆಲ್ಲ ತಿಳಿದಿದ್ದಾರೆ. ಮದುವೆ ಮನೆಯಲ್ಲಿ ನನ್ನನ್ನು ಮೂಲೆಗೆ ಕರೆದು ಮೂಗು ತೋರಿಸಿದವರೂ ಇದ್ದಾರೆ. ನಮ್ಮಲ್ಲಿಗೆ ನಿಜವಾಗಿ ಬರುವವರು ಸುಟ್ಟುಕೊಂಡವರು. ತೊಡೆಯ ಚರ್ಮ ತೆಗೆದು ಸುಟ್ಟ ಜಾಗಕ್ಕೆ ಕೂರಿಸುತ್ತೇವೆ. ಗಾಯವೇನೋ ಮಾಯುತ್ತದೆ, ಆದರೆ ಮಾಯ್ದ ಮೇಲೆ ಆ ಜಾಗ ದಪ್ಪಗೆ ಉಬ್ಬಿ, ಕೆಂಪಾಗಿ, ತಡೆಯಲಾರದಷ್ಟು ನವೆಯಾಗುತ್ತದೆ. ಅದಕ್ಕೆ ಹಚ್ಚಲು ಒಂದು ಸಿಲಿಕೋನ್ ಜೆಲ್ ಇದೆ, ದುಬಾರಿ. ನಮ್ಮ ವಿಭಾಗದ ಮುಖ್ಯಸ್ಥರು ಕೆಲವು ವರ್ಷಗಳ ಹಿಂದೆ ಅದರ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದು, ಜೆಲ್ ಹಚ್ಚಿದವರಿಗೆ ನವೆ ಹೆಚ್ಚುಕಡಿಮೆ ಇರುವುದೇ ಇಲ್ಲ ಎಂದಿದ್ದರು. ಅಂದಿನಿಂದ ನಮ್ಮಲ್ಲಿ ಎಲ್ಲರಿಗೂ ಅದನ್ನೇ ಬರೆದುಕೊಡುತ್ತಿದ್ದೆವು.

ಈ ಸಲ ಅದನ್ನು ಸರಿಯಾಗಿ ಪರೀಕ್ಷಿಸಲು ಹೊರಟಿದ್ದೆವು. ಅರ್ಧ ಜನಕ್ಕೆ ಜೆಲ್, ಇನ್ನರ್ಧ ಜನಕ್ಕೆ ಸಾದಾ ಕ್ರೀಮ್. ಎರಡಕ್ಕೂ ಒಂದೇ ಬಣ್ಣ, ಒಂದೇ ವಾಸನೆ ಬರುವಂತೆ ಮಾಡಿಸಿ, ಒಂದೇ ಥರದ ಟ್ಯೂಬಿಗೆ ತುಂಬಿಸಿದ್ದೆವು. ಮೇಲೆ ನಂಬರ್ ಮಾತ್ರ. ಯಾರಿಗೆ ಯಾವ ನಂಬರ್ ಎಂಬುದನ್ನು ಬೆಂಗಳೂರಿನಲ್ಲಿ ಕೂತ ಸಂಖ್ಯಾಶಾಸ್ತ್ರದ ಮೇಡಂ ಕಂಪ್ಯೂಟರಿನಲ್ಲಿ ಚೀಟಿ ಎತ್ತಿ ಫೋನಿನಲ್ಲಿ ಹೇಳುತ್ತಿದ್ದರು. ಕೊಡುವ ನನಗೂ ಗೊತ್ತಿಲ್ಲ, ಹಚ್ಚಿಕೊಳ್ಳುವವರಿಗೂ ಗೊತ್ತಿಲ್ಲ, ಆಪರೇಷನ್ ಮಾಡಿದ ಮುಖ್ಯಸ್ಥರಿಗೂ ಗೊತ್ತಿಲ್ಲ. ಒಬ್ಬೊಬ್ಬರೂ ಒಂದು ವರ್ಷ ಹಚ್ಚಬೇಕು. ತಿಂಗಳಿಗೊಮ್ಮೆ, ಆಮೇಲೆ ಮುಖ್ಯವಾಗಿ ವರ್ಷದ ಕೊನೆಗೆ, ನವೆ ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಎಂದು ಕೇಳಬೇಕು. ನಮ್ಮ ರೋಗಿಗಳಲ್ಲಿ ಹೆಚ್ಚಿನವರು ನಂಜನಗೂಡು, ನರಸೀಪುರ ತಾಲ್ಲೂಕಿನವರು. ಅವರನ್ನು ಪ್ರತಿ ಸಲ ಮೈಸೂರಿಗೆ ಎಳೆಯುವುದು ಬೇಡವೆಂದು ಎರಡೂ ಊರಿನಲ್ಲಿ ಒಂದೊಂದು ಕೋಣೆ ಹಿಡಿದು, ನಾನೂ ಮುಖ್ಯಸ್ಥರೂ ಅಲ್ಲಿಗೇ ಹೋಗುತ್ತಿದ್ದೆವು. ನಾನು ಹುಟ್ಟಿದ್ದು ಕಳಲೆಯಲ್ಲಿ. ಈ ದಾರಿಯ ಬಸ್ ಕಂಡಕ್ಟರುಗಳಿಗೆಲ್ಲ ನನ್ನ ಮುಖ ಗೊತ್ತು.

ಮೂಗೂರಿನ ಒಬ್ಬ ಹೆಂಗಸು ಪರೀಕ್ಷೆಗೆ ಸೇರಿ ಎರಡನೆಯ ತಿಂಗಳಾಗಿತ್ತು. ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಹಾರಿ ಅವರ ಎಡಗೈ ಮೊಣಕೈವರೆಗೂ ಬೆಂದಿತ್ತು. ಆ ಮಂಗಳವಾರ ಮುಖ್ಯಸ್ಥರು ಕೈ ಹಿಡಿದು ನೋಡಿ, "ನವೆ ಹೇಗಿದೆಯಮ್ಮ?" ಎಂದು ಕೇಳಿದರು.

"ಏನೂ ಇಲ್ಲ ಸಾ, ನಿಮ್ ದಯ" ಎಂದು ಅವರು ಕೈ ಮುಗಿದರು. ನಾನು ಸೊನ್ನೆ ಬರೆದೆ.

ಅರ್ಧ ಗಂಟೆ ಬಿಟ್ಟು ನಾನು ಬಸ್ ಸ್ಟ್ಯಾಂಡಿಗೆ ಹೋದರೆ ಅದೇ ಹೆಂಗಸು ಕಲ್ಲುಬೆಂಚಿನ ತುದಿಯಲ್ಲಿ ಕೂತು, ಸೆರಗಿನ ಮರೆಯಲ್ಲಿ ಬಾಚಣಿಗೆ ಹಿಡಿದು, ಕಣ್ಣು ಮುಚ್ಚಿಕೊಂಡು ಕೈ ಕೆರೆದುಕೊಳ್ಳುತ್ತಿದ್ದಾರೆ.

"ಏನಕ್ಕ, ಈಗ ತಾನೇ ಏನೂ ಇಲ್ಲ ಅಂದ್ರಲ್ಲ?" ಎಂದೆ.

ಬಾಚಣಿಗೆ ಸೆರಗಿನೊಳಗೆ ಮಾಯವಾಯಿತು. "ಅಯ್ಯೋ ಸಿಸ್ಟ್ರು, ನೀವಿನ್ನೂ ಓಗ್ನಿಲ್ವಾ?"

"ನವೆ ಇದೆಯೋ ಇಲ್ಲವೋ?"

"ಅದೆ ಕಣವ್ವ. ಒಂದೊಂದ್ ಸಲ ಕೈನೇ ಕಿತ್ತಾಕ್ಬುಡವಾ ಅನ್ನಂಗಾಯ್ತದೆ."

"ಮತ್ತೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

ಅವರು ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿದರು. "ಅಲ್ಲಾ, ಆ ಪುಣ್ಯಾತ್ಮ ಅಷ್ಟೊತ್ತು ನಿಂತ್ಕಂಡು ಚರ್ಮ ಕೂರ್ಸವ್ರೆ. ಅವ್ರ ಮಕದ ಮುಂದೆ ನಿಂತ್ಕಂಡು ಇನ್ನೂ ಕಡೀತದೆ ಅನ್ನಕಾಯ್ತದಾ? ಉಂಡ ಮನೆ ಜಂತೆ ಎಣ್ಸಬಾರ್ದು ಕಣವ್ವ."

ನನಗೆ ಕೋಪ ಬಂತು. ಮೊದಲು ಅವರ ಮೇಲೆ ಬಂತು. ಬಸ್ಸು ಹತ್ತುವ ಹೊತ್ತಿಗೆ ನನ್ನ ಮೇಲೆಯೇ ತಿರುಗಿತು. ನಾನೇನು ಹೊರಗಿನವಳೇ? ಬೀಗರ ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ "ಅಡುಗೆ ಬಹಳ ಚೆನ್ನಾಗಿತ್ತು" ಎಂದು ಹೇಳಿ ಎಲೆ ಬಿಟ್ಟು ಏಳುವವಳು ನಾನೂ ಅಲ್ಲವೇ? ಟ್ಯೂಬಿನಲ್ಲಿ ಏನಿದೆ ಎಂದು ಬಚ್ಚಿಡಲು ಅಷ್ಟೆಲ್ಲ ಮಾಡಿದ್ದ ನಾವು, ಪ್ರಶ್ನೆ ಕೇಳುವವರು ಯಾರು ಎಂಬುದನ್ನು ಯೋಚಿಸಿಯೇ ಇರಲಿಲ್ಲ.

ಒಬ್ಬರನ್ನು ನೋಡಿ ತೀರ್ಮಾನ ಮಾಡಬಾರದೆಂದು ಮುಂದಿನ ವಾರ ನಂಜನಗೂಡಿನಲ್ಲಿ ಕೆಲಸ ಮುಗಿದ ಮೇಲೆ ನಮ್ಮ ಕೋಣೆಯ ಎದುರಿನ ಹೋಟೆಲಿನಲ್ಲಿ ಕಾಫಿ ಹೇಳಿ ಕೂತೆ. ಪೊಲೀಸರ ಕೆಲಸ ಮಾಡಿದ ಹಾಗಾಯಿತು, ನಾಚಿಕೆಯೂ ಆಯಿತು. ಆದರೆ ಅಂದು ಸೊನ್ನೆ ಹೇಳಿದ್ದ ಟ್ರ್ಯಾಕ್ಟರ್ ಡ್ರೈವರ್ ಹೊರಗೆ ಬಂದವನೇ ಕತ್ತನ್ನು ಲೈಟು ಕಂಬಕ್ಕೆ ಹಾಕಿ ಉಜ್ಜಿದ. ಇನ್ನೊಬ್ಬಾಕೆ ಬಳೆಯನ್ನೇ ಮೇಲೆ ಕೆಳಗೆ ಎಳೆಯುತ್ತ ನಡೆದು ಹೋದಳು. ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಬೆಂಗಳೂರಿನ ಮೇಡಂಗೆ ಫೋನ್ ಮಾಡಿದೆ. ಅವರು ಕಡ್ಡಿ ತುಂಡು ಮಾಡಿದ ಹಾಗೆ ಮಾತನಾಡುವವರು. "ನನಗೂ ಅನುಮಾನವಿತ್ತು ಸಿಸ್ಟರ್. ಎರಡು ಗುಂಪಿನಲ್ಲೂ ಬರೀ ಸೊನ್ನೆಯೇ ಇದ್ದರೆ ನಾನು ಯಾವುದನ್ನು ಯಾವುದಕ್ಕೆ ಹೋಲಿಸಲಿ? ಜೆಲ್ ಅಮೃತವಾಗಿದ್ದರೂ ಗೊತ್ತಾಗುವುದಿಲ್ಲ, ನೀರಾಗಿದ್ದರೂ ಗೊತ್ತಾಗುವುದಿಲ್ಲ."

ಈಗ ಮುಖ್ಯಸ್ಥರಿಗೆ ಹೇಳಬೇಕು. ಅವರು ಕೆಟ್ಟವರಲ್ಲ, ಆದರೆ ಮುಂಗೋಪಿ. ಮೇಲಾಗಿ ಈ ಪರೀಕ್ಷೆಯ ಆರು ತಿಂಗಳ ಅಂಕಿಗಳನ್ನು ಒಂದು ಸಮ್ಮೇಳನದಲ್ಲಿ ತೋರಿಸಲು ಒಪ್ಪಿಕೊಂಡಿದ್ದರು. ನಾನು ಫಾರಂಗಳ ಕಟ್ಟನ್ನು ಅವರ ಮೇಜಿನ ಮೇಲಿಟ್ಟು, ಕಂಡದ್ದನ್ನೆಲ್ಲ ಹೇಳಿ, "ಇದರಲ್ಲಿರುವ ತುರಿಕೆಯ ಖಾನೆ ಪೂರ್ತಿ ಸುಳ್ಳು ಸರ್. ಬರೆದವಳು ನಾನೇ" ಎಂದೆ.

ಅವರು ಕಟ್ಟು ಬಿಚ್ಚಿ ಒಂದೊಂದೇ ಹಾಳೆ ತಿರುವಿದರು. "ಎಲ್ಲರೂ ಸುಳ್ಳು ಹೇಳ್ತಾರಾ?"

"ಸುಳ್ಳಲ್ಲ ಸರ್, ಮರ್ಯಾದೆ."

"ನನ್ನ ಹಳೇ ಪ್ರಬಂಧದಲ್ಲೂ ಹೀಗೇ ಸೊನ್ನೆ ಬಂದಿತ್ತಲ್ಲ?"

"ಆಗ ಪ್ರಶ್ನೆ ಕೇಳಿದವರು ಯಾರು ಸರ್?"

ಆಪರೇಷನ್ ಮಾಡಿದವರೂ ಅವರೇ, ಜೆಲ್ ಕೊಟ್ಟವರೂ ಅವರೇ, ವಾಸಿಯಾಯಿತೇ ಎಂದು ಕೇಳಿದವರೂ ಅವರೇ. ಅವರು ಎದ್ದು ಬೇಸಿನ್ನಿಗೆ ಹೋಗಿ ಕೈ ತೊಳೆಯತೊಡಗಿದರು. ಆಪರೇಷನ್‌ಗೆ ಮುಂಚೆ ತೊಳೆಯುವಂತೆ ಮೊಣಕೈವರೆಗೂ ತೊಳೆದರು. ಈ ಕೆಲಸದಿಂದ ತೆಗೆದು ವಾರ್ಡಿಗೆ ಹಾಕುತ್ತಾರೆ ಎಂದೇ ಅಂದುಕೊಂಡೆ.

"ಮುಂದೇನು?" ಎಂದರು, ಬೆನ್ನು ತಿರುಗಿಸಿಯೇ.

ನಾನೂ ಮೇಡಂ ಕೂಡಿ ಯೋಚಿಸಿಟ್ಟಿದ್ದನ್ನು ಹೇಳಿದೆ. ವರ್ಷದ ಕೊನೆಯ ಅಳತೆ ಇನ್ನೂ ಯಾರದೂ ಆಗಿರಲಿಲ್ಲ, ಅದೇ ನಮ್ಮ ಪುಣ್ಯ. ಇದುವರೆಗಿನ ತುರಿಕೆಯ ಅಂಕಿಗಳನ್ನು ಕೈಬಿಟ್ಟು, ಹಾಗೆ ಬಿಟ್ಟಿದ್ದೇವೆಂದು ಬಹಿರಂಗವಾಗಿ ಬರೆದು, ಕೇಳುವ ರೀತಿಯನ್ನೇ ಬದಲಾಯಿಸಬೇಕು. ಅದಕ್ಕೆ ಇಂಥ ಪರೀಕ್ಷೆಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಯಾವ ನಂಬರಿನ ಟ್ಯೂಬಿನಲ್ಲಿ ಏನಿದೆ ಎಂದು ಯಾರಿಗೂ ತಿಳಿಯದಿರುವಾಗಲೇ ಇದೆಲ್ಲ ಆಗಬೇಕು. ಫಲಿತಾಂಶ ಕಂಡ ಮೇಲೆ ಅಳತೆಗೋಲು ಬದಲಾಯಿಸಿದರೆ ಯಾರು ನಂಬುತ್ತಾರೆ?

ಮುಖ್ಯಸ್ಥರು ಕೈ ಒರೆಸಿಕೊಂಡು ಬಂದು ಕೂತರು. "ಅರ್ಜಿ ಬರೀರಿ ಸಿಸ್ಟರ್. ಸಮ್ಮೇಳನಕ್ಕೆ ಬರಲ್ಲ ಅಂತ ನಾನು ಹೇಳ್ತೀನಿ. ಮತ್ತೆ, ನನ್ನ ಹಳೇ ಪ್ರಬಂಧಕ್ಕೂ ಇದೇ ದೋಷ ಇದೆ ಅಂತ ಅದರಲ್ಲೇ ಒಂದು ಸಾಲು ಸೇರಿಸಿ." ಅವರ ಬಗ್ಗೆ ನನಗೆ ಅಷ್ಟು ಗೌರವ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

ಕೇಳುವ ಹೊಸ ರೀತಿ ನನ್ನದೇ ಯೋಚನೆ. ಒಂದು ಪರದೆ, ಅದರ ಹಿಂದೆ ಒಂದು ಸ್ಟೂಲು. ಸ್ಟೂಲಿನ ಮೇಲೆ ತಟ್ಟೆಯಲ್ಲಿ ಹತ್ತು ಒಣ ಅವರೆಕಾಳು, ಪಕ್ಕದಲ್ಲಿ ಅವರವರ ನಂಬರ್ ಬರೆದ ಒಂದು ಪುಟ್ಟ ಬಟ್ಟೆ ಚೀಲ. ನವೆ ಒಂದಿಷ್ಟೂ ಇಲ್ಲದಿದ್ದರೆ ಒಂದು ಕಾಳೂ ಹಾಕಬೇಡಿ. ಕೈಯನ್ನೇ ಕಿತ್ತುಹಾಕೋಣ ಎನ್ನುವಷ್ಟಿದ್ದರೆ ಹತ್ತೂ ಹಾಕಿ. ಮಿಕ್ಕ ಕಾಳನ್ನು ಅಲ್ಲೇ ಇರುವ ಮಡಕೆಗೆ ಸುರಿದು, ಚೀಲದ ಬಾಯಿ ಬಿಗಿದು ಪೆಟ್ಟಿಗೆಯೊಳಗೆ ಬಿಡಬೇಕು. ಡಾಕ್ಟರೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆ ಬೆಂಗಳೂರಿಗೆ ಹೋಗುತ್ತದೆ, ಎಣಿಸುವವರು ಮೇಡಂ ಒಬ್ಬರೇ. ಓದು ಬರಹ ಬಾರದವರಿಗೂ ಕಾಳು ಲೆಕ್ಕ ಬರುತ್ತದೆ ಎಂಬುದು ನನ್ನ ಧೈರ್ಯವಾಗಿತ್ತು.

ಪರೀಕ್ಷೆಗೆ ಸೇರದ ಕೆಲವು ಹಳೆಯ ರೋಗಿಗಳನ್ನು ಕರೆದು ಮೊದಲು ಅವರ ಮೇಲೆ ನೋಡಿದೆವು. ಇವರಲ್ಲಿ ಐದಾರು ಜನ ಸುಟ್ಟು ಬಹಳ ವರ್ಷಗಳಾದವರು, ಕಲೆ ಮೆತ್ತಗಾಗಿ ಚರ್ಮದ ಬಣ್ಣಕ್ಕೆ ತಿರುಗಿದೆ. ಇವರಿಗೆ ನವೆ ಇರಲು ಸಾಧ್ಯವೇ ಇಲ್ಲ. ಅವರ ಚೀಲ ಖಾಲಿ ಬರಬೇಕು. ಪೆಟ್ಟಿಗೆ ತಲುಪಿದ ಸಂಜೆ ಮೇಡಂ ಫೋನ್ ಮಾಡಿ, "ಸಿಸ್ಟರ್, ಒಂದೂ ಖಾಲಿ ಇಲ್ಲ. ಎಲ್ಲದರಲ್ಲೂ ಒಂದೋ ಎರಡೋ ಕಾಳು ಇದ್ದೇ ಇದೆ" ಎಂದರು.

ನನ್ನ ಜಂಬವೆಲ್ಲ ಜರ್ರನೆ ಇಳಿಯಿತು. ಸೊನ್ನೆಗಳ ಕಾಟ ತಪ್ಪಿಸಲು ಹೋಗಿ ಸೊನ್ನೆಯೇ ಸಿಗದ ಹಾಗೆ ಮಾಡಿಟ್ಟಿದ್ದೆ. ಮಾರನೆಯ ದಿನ ಅವರಲ್ಲೊಬ್ಬರು, ನಂಜನಗೂಡಿನ ಹೂವಿನ ಅಜ್ಜಿ, ಮಾರುಕಟ್ಟೆಯಲ್ಲಿ ಸಿಕ್ಕರು. "ಅಜ್ಜಿ, ನಿಮಗೆ ನವೆ ಇದೆಯಾ?" ಎಂದೆ.

"ಯಾವ್ ನವೆನೂ ಇಲ್ಲ ಕಣ್ ಮಗಾ. ಎಂಟೊಂಬತ್ ವರ್ಸಾಯ್ತು."

"ಮತ್ತೆ ಕಾಳು ಯಾಕೆ ಹಾಕಿದಿರಿ?"

ಅಜ್ಜಿ ಹೂ ಕಟ್ಟುವ ಕೈ ನಿಲ್ಲಿಸಿದರು. "ಬರೀ ಚೀಲ ಎಂಗ್ ಕೊಡದು? ಒಬ್ರು ಕೊಟ್ಟಿದ್ ಪಾತ್ರೆ, ಚೀಲ, ಯಾವ್ದೂ ಬರಿದಾಗಿ ವಾಪಸ್ ಕೊಡಬಾರ್ದು ಅಂತ ನಿಮ್ಮವ್ವ ನಿಂಗೆ ಏಳಿಲ್ವಾ?"

ಹೇಳಿದ್ದರು. ಪಕ್ಕದ ಮನೆಯವರು ಪಲ್ಯ ಕೊಟ್ಟ ಬಟ್ಟಲಿಗೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿಯೇ ಹಿಂದಿರುಗಿಸಬೇಕು ಎಂದು ನಮ್ಮಮ್ಮ ನನ್ನ ತಲೆಗೆ ಮೊಟಕಿ ಕಲಿಸಿದ್ದರು. ನಾನು ಮಾರುಕಟ್ಟೆಯ ಮಧ್ಯೆ ನಿಂತು ಗಟ್ಟಿಯಾಗಿ ನಕ್ಕೆ. ಅಜ್ಜಿಯ ಪಕ್ಕದ ಅಂಗಡಿಯಲ್ಲೇ ಅಡಿಕೆ ಕೊಂಡುಕೊಂಡೆ. ಪ್ರತಿ ಚೀಲಕ್ಕೂ ಮೊದಲೇ ಒಂದು ಅಡಿಕೆ ಹಾಕಿಟ್ಟುಬಿಟ್ಟರೆ ಚೀಲ ಎಂದೂ ಖಾಲಿಯಾಗಿರುವುದಿಲ್ಲ. "ಅಡಿಕೆ ನಮ್ಮದು, ಕಾಳು ನಿಮ್ಮದು" ಎಂದು ಹೇಳಿ ಕಳಿಸಿದರಾಯಿತು. ಮುಂದಿನ ವಾರ ಅದೇ ಜನರನ್ನು ಕರೆದು ಕೇಳಿದಾಗ, ಹಳೆಯ ಕಲೆಯವರ ಚೀಲದಲ್ಲೆಲ್ಲ ಬರೀ ಅಡಿಕೆ ಇತ್ತು. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಇನ್ನೊಮ್ಮೆ ಕೇಳಿದರೂ ಒಬ್ಬೊಬ್ಬರ ಕಾಳು ಹೆಚ್ಚುಕಡಿಮೆ ಅಷ್ಟೇ ಬಂತು.

ನೈತಿಕ ಸಮಿತಿಯಲ್ಲಿ ಒಬ್ಬ ಸದಸ್ಯರು ಚೀಲವನ್ನು ಎತ್ತಿ ಹಿಡಿದು, "ಇದು ಸಂಶೋಧನೆಯೋ ಚೌಕಾಬಾರವೋ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನು ಹಳೆಯ ಫಾರಂಗಳ ಸೊನ್ನೆಯ ಸಾಲನ್ನೂ, ಕಾಳು ಲೆಕ್ಕದ ಹಾಳೆಯನ್ನೂ ಅವರ ಮುಂದೆ ಅಕ್ಕಪಕ್ಕ ಇಟ್ಟೆ. ನಗು ನಿಂತಿತು. ಒಪ್ಪಿಗೆ ಸಿಕ್ಕಿತು.

ಹೊಸ ರೀತಿಯಲ್ಲಿ ಮೊದಲ ಪೆಟ್ಟಿಗೆ ಬೆಂಗಳೂರಿಗೆ ಹೋದ ದಿನ ಮೇಡಂ ಹೇಳಿದ್ದು ಇಷ್ಟೇ: "ಈಗ ನಿಮ್ಮ ಊರಿನವರು ಮಾತಾಡ್ತಿದ್ದಾರೆ." ಎರಡು, ಏಳು, ಒಂಬತ್ತು, ನಾಲ್ಕು. ಮನುಷ್ಯರ ಮೈಗೆ ಇರಬೇಕಾದಂಥ ಅಂಕಿಗಳು.

ಅಲ್ಲಿಗೆ ಮುಗಿಯಲಿಲ್ಲ. ವರ್ಷದ ಕೊನೆಯ ಅಳತೆ ಬಂದಾಗ ಒಂಬತ್ತು ಜನ ನಾಪತ್ತೆ. ಕೆಲವರು ಬಿಟ್ಟುಹೋಗುವುದು ಇದ್ದದ್ದೇ, ಮಿಕ್ಕವರನ್ನಿಟ್ಟುಕೊಂಡು ಮುಗಿಸೋಣ ಎಂದು ಮುಖ್ಯಸ್ಥರು ಹೇಳಿದರು. ನಾನು ಒಪ್ಪಲಿಲ್ಲ. ಬರದೆ ಇರುವವರು ಸುಮ್ಮನೆ ಬರದೆ ಇರುವುದಿಲ್ಲ. ಪೂರ್ತಿ ವಾಸಿಯಾದವನಿಗೆ ನಮ್ಮ ಹಂಗಿಲ್ಲ, ವಾಸಿಯಾಗದವನಿಗೆ ನಮ್ಮ ಮೇಲೆ ಸಿಟ್ಟು. ಇಬ್ಬರನ್ನೂ ಬಿಟ್ಟರೆ ಉಳಿಯುವುದು ನಮಗೆ ಬೇಕಾದವರು ಮಾತ್ರ. ಒಂದು ತಿಂಗಳು ಸಮಯ ಕೇಳಿ ಪಡೆದೆ.

ವಿಳಾಸಗಳು ಇದ್ದೂ ಇಲ್ಲದ ಹಾಗಿದ್ದವು. ಸುಟ್ಟುಕೊಂಡ ದಿನ ಆಸ್ಪತ್ರೆಗೆ ಕರೆತಂದವರು ತಮ್ಮ ವಿಳಾಸ ಬರೆಸಿರುತ್ತಾರೆ. ಗಾಯ ಒಣಗುವ ಹೊತ್ತಿಗೆ ಹೆಂಗಸರು ತವರಿಗೆ ಹೋಗಿರುತ್ತಾರೆ. ಇನ್ನು ಹೆಸರು. ನಂಜನಗೂಡು ಸೀಮೆಯಲ್ಲಿ ನಂಜಮ್ಮ ಎಂಬುವವರನ್ನು ಹುಡುಕಿ ನೋಡಿ! ಒಂದೇ ಬೀದಿಯಲ್ಲಿ ನನಗೆ ನಾಲ್ವರು ನಂಜಮ್ಮಂದಿರು ಸಿಕ್ಕರು, ಅವರಲ್ಲಿ ಯಾರೂ ಸುಟ್ಟುಕೊಂಡಿರಲಿಲ್ಲ, ನಾಲ್ವರೂ ಕಾಫಿ ಕೊಟ್ಟರು. ಐದನೆಯ ನಂಜಮ್ಮ ಪಕ್ಕದ ಊರಿನ ಮಗಳ ಮನೆಯಲ್ಲಿದ್ದರು. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ಒಬ್ಬನನ್ನು ಹಿಡಿದೆ. ಪರದೆ ಇಲ್ಲದ್ದರಿಂದ ನನ್ನನ್ನೇ ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿ, ಬೈಕಿನ ಸೀಟಿನ ಮೇಲೆ ಕಾಳು ಹರಡಿಕೊಂಡು ಚೀಲ ತುಂಬಿದ. ವಾಚ್‌ಮನ್ ನನ್ನನ್ನು ಕಣಿ ಹೇಳುವವಳು ಎಂದುಕೊಂಡನೆಂದು ಕಾಣುತ್ತದೆ, ತನ್ನ ಅಂಗೈಯನ್ನೂ ಚಾಚಿದ.

ಕೊನೆಗೆ ಉಳಿದವಳು ಒಬ್ಬಳೇ, ಅದೂ ನಮ್ಮ ಕಳಲೆಯವಳು. ಎರಡು ಸಲ ಹೋದಾಗಲೂ ಮನೆಯಲ್ಲಿಲ್ಲ ಎಂದು ಹೇಳಿಸಿದ್ದಳು. ಮೂರನೆಯ ಸಲ ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆದು, ಕತ್ತಿನಿಂದ ಸೆರಗು ಸರಿಸಿ, "ನೋಡಕ್ಕ, ನೋಡು" ಎಂದಳು. ಕಲೆ ಹಗ್ಗದಂತೆ ಗಟ್ಟಿಯಾಗಿತ್ತು. "ನಿಮ್ಗೆ ವಾಸಿಯಾದೋರು ಬೇಕು, ಪೋಟೋ ತಗ್ದು ತೋರ್ಸಕೆ. ನನ್ನ ಕಟ್ಕೊಂಡು ಏನ್ ಮಾಡೀರಿ?"

"ವಾಸಿಯಾಗದವರು ಹೇಳದೇ ಇದ್ದದ್ದರಿಂದಲೇ ನಾವು ಇಷ್ಟು ವರ್ಷ ತಪ್ಪು ಮಾಡಿದ್ದು ಕಣಮ್ಮ" ಎಂದೆ. "ನಿನ್ನ ಒಂದು ಚೀಲ ಬಾರದಿದ್ದರೆ ಮಿಕ್ಕ ಎಲ್ಲರದ್ದೂ ಅರ್ಧ ಸುಳ್ಳಾಗುತ್ತದೆ."

ಅವಳು ತಟ್ಟೆ, ಚೀಲ ತೆಗೆದುಕೊಂಡು ಒಳಗೆ ಹೋದಳು. ಚೀಲ ವಾಪಸು ಕೊಟ್ಟಾಗ ಅದು ಕೈಗೆ ಭಾರವಾಗಿತ್ತು. ಒಳಗೆ ಎಷ್ಟಿದೆ ಎಂದು ನಾನು ತಡವಿ ನೋಡಲಿಲ್ಲ. ಅವಳಿಗೆ ಮತ್ತೆ ಆಪರೇಷನ್ ಬೇಕೆಂದು ಮುಖ್ಯಸ್ಥರಿಗೆ ಅಂದೇ ಹೇಳಿದೆ, ಆ ತಿಂಗಳಲ್ಲೇ ಮಾಡಿದರು. ಒಂಬತ್ತಕ್ಕೆ ಒಂಬತ್ತೂ ಸಿಕ್ಕಿದ್ದರು. ಬಸ್ಸಿನಲ್ಲಿ ಮೈಸೂರಿಗೆ ಬರುವಾಗ ಕಪಿಲೆಯ ಸೇತುವೆಯ ಮೇಲೆ ನನಗೆ ಹಾಡಬೇಕೆನಿಸಿತು, ಕಂಡಕ್ಟರ್ ಗುರುತಿನವನೆಂದು ಸುಮ್ಮನಿದ್ದೆ.

ಟ್ಯೂಬಿನ ಗುಟ್ಟನ್ನು ಒಡೆದ ದಿನ ಮೇಡಂ ಬೆಂಗಳೂರಿನಿಂದ ತಾವೇ ಬಂದರು. ಮುದ್ರೆ ಹಾಕಿದ ಲಕೋಟೆ ತೆರೆದು, ಎರಡು ಗುಂಪಿನ ಕಾಳುಗಳ ಲೆಕ್ಕವನ್ನು ಗೋಡೆಯ ಮೇಲೆ ತೋರಿಸಿದರು. ವ್ಯತ್ಯಾಸ ಇರಲಿಲ್ಲ. ದುಬಾರಿ ಜೆಲ್ ಹಚ್ಚಿದವರೂ ಸಾದಾ ಕ್ರೀಮ್ ಹಚ್ಚಿದವರೂ ಒಂದೇ ಸಮ ಕೆರೆದುಕೊಂಡಿದ್ದರು.

ಮುಖ್ಯಸ್ಥರು ಎದ್ದು ಗೋಡೆಯ ಹತ್ತಿರ ಹೋಗಿ, "ಆದರೆ ಇಬ್ಬರಿಗೂ ಹೋಗ್ತಾ ಹೋಗ್ತಾ ಕಮ್ಮಿಯಾಗಿದೆ ಅಲ್ವಾ? ತಿಕ್ಕಿ ಹಚ್ಚಿದ್ದಕ್ಕೆ ಕಮ್ಮಿಯಾಯ್ತು ಅಂತ ಬರೀಬಹುದು" ಎಂದರು.

"ಅದನ್ನು ನಾವು ಪರೀಕ್ಷೆ ಮಾಡಿಲ್ಲ ಸರ್" ಎಂದು ಮೇಡಂ, ನಾನು ಇಬ್ಬರೂ ಒಟ್ಟಿಗೇ ಹೇಳಿದೆವು. ದಿನ ಕಳೆದ ಹಾಗೆ ತಾನಾಗಿಯೇ ಕಡಿಮೆಯಾಗಿದ್ದರೂ ಆಗಿರಬಹುದು. ಮುಖ್ಯಸ್ಥರು ಜೋರಾಗಿ ನಕ್ಕರು. ಅಂದೇ ವಿಭಾಗದಲ್ಲಿ ಜೆಲ್ ಬರೆದುಕೊಡುವುದನ್ನು ನಿಲ್ಲಿಸಿದರು. ಪ್ರಬಂಧ ಒಪ್ಪಿಗೆಯಾಗಿ ಬಂತು. ಅದರಲ್ಲಿ ಅವರೆಕಾಳೂ ಇದೆ, ಅಡಿಕೆಯೂ ಇದೆ, ಕೈಬಿಟ್ಟ ನನ್ನ ಸೊನ್ನೆಗಳೂ ಇವೆ.

ಪರೀಕ್ಷೆಗೆ ಬಂದವರಿಗೆಲ್ಲ ಫಲಿತಾಂಶ ಹೇಳಲು ತಿ. ನರಸೀಪುರದ ಕೋಣೆಯಲ್ಲೇ ಒಂದು ದಿನ ಸೇರಿಸಿದೆವು. ಎಲ್ಲ ಮುಗಿದು ಜನ ಏಳುತ್ತಿರುವಾಗ ಮುಖ್ಯಸ್ಥರು ಮೂಗೂರಿನ ಹೆಂಗಸಿನ ಕೈ ಹಿಡಿದು ನೋಡಿ, ಅಭ್ಯಾಸಬಲದಿಂದ, "ನವೆ ಹೇಗಿದೆಯಮ್ಮ?" ಎಂದುಬಿಟ್ಟರು. ಪರದೆಯಿಲ್ಲ, ಚೀಲವಿಲ್ಲ.

ಆ ಹೆಂಗಸು ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಡಾಕ್ಟರ ಕಡೆ ನೋಡಿದರು.

"ನಿಮ್ ಕೆಲ್ಸ ಚೆನ್ನಾಗದೆ ಸಾ, ಅದ್ರಲ್ಲಿ ಎರಡು ಮಾತಿಲ್ಲ. ಕೈ ಮಾತ್ರ ಕಡೀತದೆ. ನಾಕು ಕಾಳು."

ಮುಖ್ಯಸ್ಥರು ಅವರ ಕೈ ಬಿಡಲಿಲ್ಲ. "ಮೊದಲು ಎಷ್ಟಿತ್ತು?" ಎಂದು ಕೇಳಿದರು.

"ಮೊದ್ಲಾ? ನೀವು ಸೊನ್ನೆ ಬರಸ್ಕೊಂಡ್ರಲ್ಲ, ಅವತ್ತು ಎಂಟಿತ್ತು ಸಾ."

ಮುಖ್ಯಸ್ಥರು ಸ್ಟೂಲು ಎಳೆದುಕೊಂಡು ಅವರೆದುರು ಕೂತರು. "ಹೇಳಮ್ಮ, ಯಾವಾಗ ಜಾಸ್ತಿ ಆಗುತ್ತೆ?" ಎಂದು ಕೇಳಿ, ಜೇಬಿನಿಂದ ಪೆನ್ನು ತೆಗೆದರು.